ಲೇಸರ್ ಕೆತ್ತನೆಯಲ್ಲಿ ಮೂಲೆ ಸುಡುವುದೇಕೆ?

ಪ್ರಶ್ನೆ: ಮಿಲ್ಲಿಂಗ್ (ತಿರುಗುವ ಕಟರ್‌ನಿಂದ ಕೊರೆಯುವ ಕೆಲಸ) ಮಾಡುತ್ತಿದ್ದ, ಜಿಆರ್‌ಬಿಎಲ್ ಎಂಬ ನಿಯಂತ್ರಣ ತಂತ್ರಾಂಶದಿಂದ ನಡೆಯುವ ಯಂತ್ರಕ್ಕೇ ಡಯೋಡ್ ಲೇಸರ್ ಕೂರಿಸಿದ್ದೇನೆ. ವಿನ್ಯಾಸವನ್ನು ಯಂತ್ರದ ಆದೇಶಗಳಾಗಿಸುವ ಹಳೆಯ ಕ್ಯಾಮ್ ಸಾಫ್ಟ್‌ವೇರ್‌ನಲ್ಲೇ ಟೂಲ್‌ಪಾತ್ (ಉಪಕರಣ ಸಾಗುವ ದಾರಿ) ಮಾಡಿ ಮರದ ಮೇಲೆ ಹೆಸರು ಕೆತ್ತಿದರೆ ಪ್ರತಿ ಅಕ್ಷರದ ಆರಂಭದಲ್ಲಿ ಕಪ್ಪು ಚುಕ್ಕೆ, ಅಕ್ಷರಗಳ ನಡುವೆ ಸಣ್ಣ ಗೆರೆ, ಮೂಲೆಗಳಲ್ಲಿ ಸುಟ್ಟ ಗುರುತು. ಪವರ್ ಇಳಿಸಿದರೆ ಉಳಿದದ್ದೆಲ್ಲ ಮಸುಕಾಗುತ್ತದೆ. ಪರಿಹಾರವೇನು?

ಉತ್ತರ: ಪವರ್ ತಂಟೆಗೆ ಸದ್ಯ ಹೋಗಬೇಡಿ. ನಿಮ್ಮ ಸಾಫ್ಟ್‌ವೇರ್ ಇನ್ನೂ ಕಟರ್‌ಗೇ ದಾರಿ ಹಾಕಿಕೊಡುತ್ತಿದೆ. ಯಂತ್ರಕ್ಕೆ ಕೊಡುವ ಆದೇಶಗಳಿರುವ ಜಿ-ಕೋಡ್ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಮೊದಲಿಗೆ ಒಂದು ಎಂ3 (ಆನ್), ಕೊನೆಗೊಂದು ಎಂ5 (ಆಫ್), ನಡುವೆ ಪ್ರತಿ ಅಕ್ಷರಕ್ಕೂ ಝಡ್ (ಮೇಲೆ-ಕೆಳಗಿನ ಚಲನೆ) ಏರಿಳಿತ ಕಾಣಿಸಬೇಕು. ಕಟರ್ ಮೇಲೆದ್ದರೆ ಮರಕ್ಕೆ ತಾಗುವುದಿಲ್ಲ, ಲೇಸರ್ ಮೇಲೆದ್ದರೂ ಸುಡುತ್ತಲೇ ಇರುತ್ತದೆ. ಗೆರೆ ಬೀಳುವುದು ಅದಕ್ಕೇ. ಇನ್ನು ‘ಜಿ1 ಝಡ್’ (ಕೆಲಸದ ವೇಗದಲ್ಲಿ ಝಡ್ ಚಲನೆ) ಸಾಲಿನಲ್ಲಿ ತಲೆ ನಿಧಾನವಾಗಿ ಇಳಿಯುವಷ್ಟು ಹೊತ್ತು ಎಕ್ಸ್, ವೈ, ಅಂದರೆ ಅಡ್ಡ-ಉದ್ದದ ಚಲನೆಗಳು, ನಿಂತಿರುತ್ತವೆ. ಕಿರಣ ಒಂದೇ ಜಾಗವನ್ನು ಸುಟ್ಟು ಚುಕ್ಕೆ ಮಾಡುತ್ತದೆ.

ಜಿಆರ್‌ಬಿಎಲ್‌ನಲ್ಲಿ $32=1 ಎಂಬ ಸೆಟ್ಟಿಂಗ್ ಕೊಟ್ಟರೆ ಲೇಸರ್ ಮೋಡ್ ಶುರುವಾಗಿ ಜಿ0 ಚಲನೆಯಲ್ಲಿ, ಅಂದರೆ ಕೆತ್ತದೆ ಬರೀ ಜಾಗ ಬದಲಿಸುವಾಗ, ಕಿರಣ ಆರುತ್ತದೆ. ಗೆರೆ ಹೋಯಿತು. ಚುಕ್ಕೆ ಮಾತ್ರ ಹಾಗೆ ಹೋಗದು, ಅದಕ್ಕೆ ಝಡ್ ಚಲನೆಯನ್ನೇ ಬರೆಯದ ಲೇಸರ್ ಪೋಸ್ಟ್-ಪ್ರೊಸೆಸರ್ (ಟೂಲ್‌ಪಾತನ್ನು ಜಿ-ಕೋಡ್ ಆಗಿ ಬರೆಯುವ ಭಾಗ) ಆರಿಸಿಕೊಳ್ಳಬೇಕು.

ಮೂಲೆಯ ಕಥೆ ಬೇರೆ. ತಿರುವಿನಲ್ಲಿ ಯಂತ್ರ ವೇಗ ಇಳಿಸಲೇಬೇಕು, ಎಂ3ರಲ್ಲಿ ಪವರ್ ಮಾತ್ರ ಇಳಿಯದು. ನಿಮಿಷಕ್ಕೆ 1500 ಮಿ.ಮೀ. ಇದ್ದ ವೇಗ 300ಕ್ಕೆ ಬಂತೆನ್ನಿ, ಅಷ್ಟೇ ಉದ್ದದ ಮರಕ್ಕೆ ಐದು ಪಟ್ಟು ಶಾಖ! ಎಂ3 ಬದಲು ಎಂ4 ಹಾಕಿ. ಜಿಆರ್‌ಬಿಎಲ್ 1.1 ಆವೃತ್ತಿಯಲ್ಲಿ ಎಂ4 ವೇಗಕ್ಕೆ ತಕ್ಕಂತೆ ಪವರ್ ಅನ್ನೂ ಇಳಿಸುತ್ತದೆ. ಕೆತ್ತನೆಗೆ ಎಂ3 ಬೇಡವೇ ಬೇಡ ಎನ್ನುವವನು ನಾನು.

ಜಿಆರ್‌ಬಿಎಲ್‌ನ $30 ಎಂಬ ಸೆಟ್ಟಿಂಗನ್ನೂ ನೋಡಿಕೊಳ್ಳಿ, ಪೂರ್ತಿ ಪವರ್‌ಗೆ ಎಸ್ (ಪವರ್ ತಿಳಿಸುವ ಆದೇಶ) ಎಷ್ಟಿರಬೇಕೆಂದು ಹೇಳುವುದು ಅದೇ. ಅದು 1000 ಇದ್ದು, ಸಾಫ್ಟ್‌ವೇರ್ ಗರಿಷ್ಠ ಎಸ್ ಅನ್ನು 255 ಎಂದುಕೊಂಡಿದ್ದರೆ ಪೂರ್ತಿ ಪವರ್ ಕೇಳಿದರೂ ಸಿಗುವುದು ಸುಮಾರು ಕಾಲು ಭಾಗ. ನಿಮ್ಮ ಅಕ್ಷರ ಮಸುಕಾಗುವುದಕ್ಕೆ ಇದೂ ಕಾರಣವಿರಬಹುದು.

ಅಕ್ಷರದ ಒಳಗೂ ತುಂಬಿಸುವುದಾದರೆ ಸಾಲುಗಳ ಅಂತರ 0.1 ಮಿ.ಮೀ.ನಿಂದ ಆರಂಭಿಸಿ, ಅಂದರೆ 254 ಡಿಪಿಐ (ಅಂಗುಲಕ್ಕೆ 254 ಸಾಲು). ಓವರ್‌ಸ್ಕ್ಯಾನ್ ಹಾಕಿದರೆ ತಲೆ ಅಕ್ಷರದ ಅಂಚು ದಾಟಿದ ಮೇಲೆ, ಕಿರಣ ಆರಿಸಿಕೊಂಡೇ, ವೇಗ ತಗ್ಗಿಸಿ ತಿರುಗುತ್ತದೆ. ಡಯೋಡ್ ಲೇಸರ್‌ನ ಬಿಂದು ಸಾಮಾನ್ಯವಾಗಿ ದುಂಡಗಿರದೆ ಒಂದು ಕಡೆಗೆ ಉದ್ದವಾಗಿರುತ್ತದೆ. ಹಾಗಾಗಿ ಅಡ್ಡ ಮತ್ತು ಲಂಬ ಗೆರೆಗಳ ದಪ್ಪ ಬೇರೆ ಕಂಡರೆ ಟೂಲ್‌ಪಾತನ್ನು ಬೈಯಬೇಡಿ.

ಮತ್ತೆ ಮಿಲ್ಲಿಂಗ್ ಮಾಡುವ ಮುನ್ನ $32=0 ಮಾಡುವುದನ್ನು ಮರೆಯಬೇಡಿ. ಲೇಸರ್ ಮೋಡ್‌ನಲ್ಲಿ ಎಸ್ (ಮಿಲ್ಲಿಂಗ್‌ನಲ್ಲಿ ಅದು ಕಟರ್ ತಿರುಗುವ ವೇಗ) ಬದಲಾದರೂ ಯಂತ್ರ ನಿಲ್ಲದೆ ಮುಂದೆ ಸಾಗುತ್ತದೆ, ಯಂತ್ರ ಆಫ್ ಮಾಡಿದರೂ ಆ ಸೆಟ್ಟಿಂಗ್ ಅಳಿಯುವುದಿಲ್ಲ.