ಸಣ್ಣ ಗುತ್ತಿಗೆದಾರರು ಸಂಘದ ಸದಸ್ಯರಾಗಬೇಕೇ?

ಸಿವಿಲ್ ಡಿಪ್ಲೊಮಾ ಮುಗಿಸಿ, ಲೋಕೋಪಯೋಗಿ ಇಲಾಖೆಯಲ್ಲಿ ಮೂರನೇ ದರ್ಜೆಯ ಗುತ್ತಿಗೆದಾರರಾಗಿ ಈಗಷ್ಟೇ ನೋಂದಾಯಿಸಿಕೊಂಡಿರುವುದಾಗಿ ತಿಳಿಸಿದ್ದೀರಿ. ಗುತ್ತಿಗೆದಾರರ ಸಂಘ ಸೇರಿದರೆ ಪ್ರಯೋಜನವಿದೆಯೇ ಅಥವಾ ಅದು ದಂಡದ ಹಣವೇ, ಸೇರುವುದಾದರೆ ರಾಜ್ಯ ಸಂಘಕ್ಕೋ ಜಿಲ್ಲಾ ಸಂಘಕ್ಕೋ ಎಂದು ಕೇಳಿದ್ದೀರಿ. ಸರ್ಕಾರಿ ಕಾಮಗಾರಿಯನ್ನೇ ನಂಬಿ, ಸ್ವಂತ ಹೆಸರಿನಲ್ಲಿ ಒಬ್ಬರೇ ವ್ಯವಹಾರ ನಡೆಸುವವರು ಸೇರುವುದು ಒಳ್ಳೆಯದು ಎಂಬುದು ಇದೇ ಕಸುಬಿನಲ್ಲಿರುವ ನನ್ನ ಅಭಿಪ್ರಾಯ. ಆದರೆ ಸದಸ್ಯರನ್ನು ಸೇರಿಸಿಕೊಳ್ಳಲು ಬರುವವರು ಹೇಳುವ ಕಾರಣಗಳಿಗಾಗಿ ಅಲ್ಲ.

ಸಂಘದ ಗುರುತಿನ ಚೀಟಿಯಿಂದ ಕೆಲಸ ಸಿಗುವುದಿಲ್ಲ. ಟೆಂಡರ್ ಹಾಕುವಾಗ ಇಲಾಖೆ ಕೇಳುವುದು ನೋಂದಣಿ ಪತ್ರ, ಜಿಎಸ್‌ಟಿ, ಪ್ಯಾನ್, ವಹಿವಾಟಿನ ಲೆಕ್ಕ, ಹಿಂದೆ ಮಾಡಿದ ಕೆಲಸದ ಪ್ರಮಾಣಪತ್ರ ಮತ್ತು ಇಎಂಡಿ, ಅಂದರೆ ಟೆಂಡರ್ ಜೊತೆ ಇಡುವ ಠೇವಣಿ, ಮಾತ್ರ. ಹಾಗೆಯೇ, ನಿಮ್ಮ ಟೆಂಡರನ್ನು ಅನ್ಯಾಯವಾಗಿ ತಿರಸ್ಕರಿಸಿದ್ದಾರೆ ಎನಿಸಿದರೆ, ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕುರಿತ 1999ರ ಕಾಯ್ದೆಯ 16ನೇ ಪ್ರಕರಣದಡಿ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸುವ ಹಕ್ಕು ಟೆಂಡರ್ ಹಾಕಿದ ನಿಮಗೇ ಇದೆ. ಅದಕ್ಕೆ ಸಂಘದ ಒಪ್ಪಿಗೆಯಾಗಲಿ ಶಿಫಾರಸಾಗಲಿ ಬೇಕಿಲ್ಲ.

ಸಂಘ ಬೇಕಾಗುವುದು ಕೆಲಸ ಮುಗಿದ ಮೇಲೆ. ಅಳತೆ ಪುಸ್ತಕದಲ್ಲಿ ದಾಖಲಾಗಿ, ಉಪವಿಭಾಗದಿಂದ ವಿಭಾಗಕ್ಕೆ ಬಂದ ಬಿಲ್ಲು ಲೆಕ್ಕಶಾಖೆಯಲ್ಲಿ ಕುಳಿತುಬಿಟ್ಟರೆ ನೀವು ಯಾರನ್ನು ಕೇಳುತ್ತೀರಿ? ಎಲ್‌ಒಸಿ, ಅಂದರೆ ಹಣ ಬಿಡುಗಡೆಯ ಪತ್ರ, ಬಂದಿಲ್ಲ ಎನ್ನುತ್ತಾರೆ. ಬಂದಾಗ ಸಾಲಿನಲ್ಲಿ ನಿಮ್ಮ ಹಿಂದೆ ಇದ್ದವರ ಬಿಲ್ಲು ಮುಂದೆ ಹೋಗಿರುತ್ತದೆ. ಇದನ್ನು ಬರವಣಿಗೆಯಲ್ಲಿ ಪ್ರಶ್ನಿಸಬೇಕೆಂದರೆ, ಮುಂದಿನ ಕೆಲಸದ ಅಳತೆ ಬರೆಯಬೇಕಾದ ಇಂಜಿನಿಯರ್ ಮೇಲೇ ನಿಮ್ಮ ಸಹಿಯಲ್ಲಿ ದೂರು ಕೊಟ್ಟಂತಾಗುತ್ತದೆ. ಜಲ್ಲಿ, ಎಂ-ಸ್ಯಾಂಡ್ ಸಾಲ ಕೊಟ್ಟವರು ಬಾಗಿಲಲ್ಲಿ ನಿಂತಿದ್ದರೂ ಹೆಚ್ಚಿನವರು ಈ ಕಾರಣಕ್ಕೇ ಬಾಯಿ ಬಿಡುವುದಿಲ್ಲ. ನಾನು ಕೆಲಸ ಮಾಡುವ ವಿಭಾಗವೊಂದರಲ್ಲಿ ಬಾಕಿ ಬಿಲ್ಲುಗಳ ಜ್ಯೇಷ್ಠತಾ ಪಟ್ಟಿಯನ್ನು ಸೂಚನಾ ಫಲಕದಲ್ಲಿ ಹಾಕಬೇಕೆಂದು ಜಿಲ್ಲಾ ಸಂಘದ ಲೆಟರ್‌ಹೆಡ್‌ನಲ್ಲಿ ಮನವಿ ಹೋಯಿತು. ಕಾರ್ಯದರ್ಶಿಯ ಸಹಿಯೊಂದೇ ಇದ್ದ ಆ ಪತ್ರದಲ್ಲಿ ಯಾವ ಗುತ್ತಿಗೆದಾರನ ಹೆಸರೂ ಇರಲಿಲ್ಲ, ಯಾವ ಬಿಲ್ಲಿನ ಸಂಖ್ಯೆಯೂ ಇರಲಿಲ್ಲ. ಪಟ್ಟಿ ಬಂತು. ಅದರಿಂದ ಹಣ ಬೇಗ ಬರಲಿಲ್ಲ ನಿಜ, ಆದರೆ ಸಾಲು ತಪ್ಪಿಸುವುದು ಕಡಿಮೆಯಾಯಿತು.

ಉದ್ಯಮ್ ನೋಂದಣಿ ಮಾಡಿಸಿಕೊಂಡರೆ ಸಾಕು, 45 ದಿನಗಳೊಳಗೆ ಹಣ ಕೊಡಲೇಬೇಕು ಎಂದು ನಿಮಗೆ ಯಾರಾದರೂ ಹೇಳಬಹುದು. ಸಣ್ಣ ಉದ್ದಿಮೆಗಳಿಗೆ ಸಂಬಂಧಿಸಿದ 2006ರ ಕಾಯ್ದೆಯಲ್ಲಿ ಆ ಗಡುವೂ ಇದೆ, ತಡವಾದರೆ ಚಕ್ರಬಡ್ಡಿಯೂ ಇದೆ. ನೋಂದಣಿಗೆ ಶುಲ್ಕವಿಲ್ಲದ ಕಾರಣ ಮಾಡಿಸಿಕೊಳ್ಳಿ. ಆದರೆ ಕಟ್ಟಡ, ರಸ್ತೆಯಂತಹ ಕಾಮಗಾರಿ ಗುತ್ತಿಗೆಗಳು ಆ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ ಎಂದು ಕೆಲವು ಹೈಕೋರ್ಟ್‌ಗಳು ಹೇಳಿರುವುದರಿಂದ, ಅದೊಂದನ್ನೇ ನೆಚ್ಚಿಕೊಳ್ಳಬೇಡಿ.

ಒಬ್ಬನ ಕೈಲಾಗದ ಇನ್ನೊಂದು ವಿಷಯವೆಂದರೆ ತೆರಿಗೆ ಮತ್ತು ದರಗಳದ್ದು. ವ್ಯಾಟ್ ಕಾಲದಲ್ಲಿ ಒಟ್ಟು ಮೊತ್ತದ ಮೇಲೆ ಕಟ್ಟುತ್ತಿದ್ದ ಶೇ 4ರ ಕಾಂಪೊಸಿಷನ್ ತೆರಿಗೆಯನ್ನು ಲೆಕ್ಕಹಾಕಿ ಟೆಂಡರ್ ಹಾಕಿದ್ದ ಕೆಲಸಗಳ ನಡುವೆಯೇ 2017ರ ಜುಲೈ 1ರಂದು ಜಿಎಸ್‌ಟಿ ಬಂತು. ಬಹುತೇಕ ಸರ್ಕಾರಿ ಕಾಮಗಾರಿಗಳಿಗೆ ಶೇ 12ಕ್ಕೆ ನಿಂತ ದರ 2022ರ ಜುಲೈ 18ರಿಂದ ಶೇ 18 ಆಯಿತು. ಕರಾರಿನ ಮೊತ್ತ ಹಳೆಯದು, ತೆರಿಗೆ ಹೊಸದು; ನಡುವಿನ ವ್ಯತ್ಯಾಸ ಯಾರ ತಲೆಗೆ? ಹತ್ತಿಪ್ಪತ್ತು ಲಕ್ಷದ ಚರಂಡಿ ಕೆಲಸ ಮಾಡಿದವನು ಇದಕ್ಕಾಗಿ ಒಬ್ಬನೇ ವಕೀಲರನ್ನು ಹಿಡಿದರೆ ಲಾಭವೆಲ್ಲ ಅಲ್ಲೇ ಮುಗಿಯುತ್ತದೆ. ಎಸ್‌ಆರ್ (ಇಲಾಖೆಯ ದರಪಟ್ಟಿ) ದರ ಪರಿಷ್ಕರಣೆ, ಜಲ್ಲಿ, ಮರಳಿನಂತಹವಕ್ಕೆ ಸರ್ಕಾರಕ್ಕೆ ಸಲ್ಲಬೇಕೆಂದು ಬಿಲ್ಲಿನಲ್ಲಿ ಕಡಿತವಾಗುವ ಖನಿಜ ರಾಜಧನದ ಗೊಂದಲ ಇವೂ ಒಬ್ಬೊಬ್ಬರಾಗಿ ಅಲೆದು ಬಗೆಹರಿಸಿಕೊಳ್ಳುವ ವಿಷಯಗಳಲ್ಲ.

ಇನ್ನು ಸಂಘಗಳ ದೋಷಗಳು. ಎಲ್ಲರನ್ನೂ ಗುತ್ತಿಗೆದಾರರೆಂದೇ ಕರೆದರೂ ಎಲ್ಲರ ಹಿತ ಒಂದೇ ಅಲ್ಲ. ಹಲವು ಸಣ್ಣ ಕೆಲಸಗಳನ್ನು ಒಟ್ಟುಗೂಡಿಸಿ ಪ್ಯಾಕೇಜ್ ಟೆಂಡರ್ ಕರೆದಾಗ ಮೊತ್ತ ದೊಡ್ಡದಾಗಿ ನಿಮ್ಮಂತಹ ಮೂರನೇ ದರ್ಜೆಯವರಿಗೆ ಅರ್ಹತೆಯೇ ಇಲ್ಲದಂತಾಗುತ್ತದೆ, ಮೊದಲ ದರ್ಜೆಯವರಿಗೆ ಅದೇ ಅನುಕೂಲ. ಪದಾಧಿಕಾರಿಗಳೆಲ್ಲ ಮೊದಲ ದರ್ಜೆಯವರೇ ಆಗಿರುವ ಸಂಘ ಪ್ಯಾಕೇಜ್ ಪದ್ಧತಿಯ ವಿರುದ್ಧ ಗಟ್ಟಿಯಾಗಿ ಮಾತನಾಡುತ್ತದೆಂದು ನಾನು ನಂಬುವುದಿಲ್ಲ. ರಾಜಕೀಯವೂ ಇದ್ದದ್ದೇ. ಕಾಮಗಾರಿಗಳಲ್ಲಿ ಶೇ 40ರಷ್ಟು ಕಮಿಷನ್ ಕೇಳಲಾಗುತ್ತಿದೆ ಎಂದು ಆರೋಪಿಸಿ ಕರ್ನಾಟಕ ರಾಜ್ಯ ಗುತ್ತಿಗೆದಾರರ ಸಂಘ 2021ರಲ್ಲಿ ಪ್ರಧಾನಿಗೆ ಬರೆದ ಪತ್ರ, 2023ರ ವಿಧಾನಸಭಾ ಚುನಾವಣೆಯ ಪ್ರಚಾರದ ಸರಕಾಯಿತು. ಅಂಥದ್ದೊಂದು ಪತ್ರವನ್ನು ಬಿಡಿ ಗುತ್ತಿಗೆದಾರನೊಬ್ಬ ಬರೆಯಲು ಸಾಧ್ಯವೇ ಇರಲಿಲ್ಲ ಎಂಬುದನ್ನೂ, ಬರೆದ ಮೇಲೆ ಅದು ಬರೆದವರ ಕೈಯಲ್ಲಿ ಉಳಿಯಲಿಲ್ಲ ಎಂಬುದನ್ನೂ ನಾನು ಒಟ್ಟಿಗೇ ನೆನಪಿಡುತ್ತೇನೆ.

ಒಂದು ವಿಷಯದಲ್ಲಿ ಮಾತ್ರ ಯಾವ ಮುಲಾಜೂ ಇಟ್ಟುಕೊಳ್ಳಬೇಡಿ. ‘ಈ ಕೆಲಸ ಅವರಿಗಿರಲಿ, ನೀವು ಹೆಚ್ಚಿನ ದರ ಹಾಕಿ ಸುಮ್ಮನಿರಿ, ಮುಂದಿನದು ನಿಮಗೆ’ ಎಂಬ ಹೊಂದಾಣಿಕೆಯ ಮಾತು ಸಂಘದ ಕೊಠಡಿಯಲ್ಲಿ ಬಂದರೆ ಎದ್ದು ಹೊರಬನ್ನಿ. 2002ರ ಸ್ಪರ್ಧಾ ಕಾಯ್ದೆಯ 3ನೇ ಪ್ರಕರಣದಡಿ ಅದು ನಿಷಿದ್ಧ ಒಪ್ಪಂದ. ಸಂಘದ ತೀರ್ಮಾನವಾಗಿತ್ತು ಎಂಬ ಸಮಜಾಯಿಷಿ ಅಲ್ಲಿ ನಡೆಯುವುದಿಲ್ಲ, ಏಕೆಂದರೆ ಆ ಪ್ರಕರಣ ಸಂಘಗಳ ತೀರ್ಮಾನಗಳನ್ನೂ ಒಳಗೊಂಡಿದೆ.

ರಾಜ್ಯವೋ ಜಿಲ್ಲೆಯೋ ಎಂಬುದಕ್ಕೆ ನನ್ನ ಉತ್ತರ, ಮೊದಲು ಜಿಲ್ಲೆ. 1941ರಲ್ಲಿ ಸ್ಥಾಪನೆಯಾದ ಬಿಲ್ಡರ್ಸ್ ಅಸೋಸಿಯೇಷನ್ ಆಫ್ ಇಂಡಿಯಾದಂತಹ ಅಖಿಲ ಭಾರತ ಸಂಸ್ಥೆಗಳ ಕೆಲಸ ನೀತಿ ನಿರೂಪಣೆಯ ಮಟ್ಟದ್ದು. ನಿಮ್ಮ ವಹಿವಾಟು ಬೆಳೆದ ಮೇಲೆ ಆ ಕಡೆ ನೋಡಬಹುದು. ನಿಮಗೆ ಈಗ ಬೇಕಿರುವುದು ನಿಮ್ಮ ವಿಭಾಗದ ಕಾರ್ಯಪಾಲಕ ಇಂಜಿನಿಯರ್ ಕಚೇರಿಗೆ ನಾಲ್ಕು ಜನ ಒಟ್ಟಿಗೆ ಹೋಗಬಲ್ಲ ಸಂಘ. ಸೇರುವ ಮುನ್ನ ಕಳೆದ ವರ್ಷದ ಲೆಕ್ಕಪರಿಶೋಧನಾ ವರದಿ ಮತ್ತು ವಾರ್ಷಿಕ ಸಭೆಯ ನಡಾವಳಿ ಕೇಳಿ ನೋಡಿ. ಸೊಸೈಟಿಗಳ ಕಾಯ್ದೆಯಡಿ ನೋಂದಣಿಯಾದ ಸಂಘದಲ್ಲಿ ಇವೆರಡೂ ಇರಲೇಬೇಕು. ‘ಆಮೇಲೆ ಕೊಡೋಣ’ ಎಂದರೆ ಆಮೇಲೆಯೇ ಸೇರಿ. ಸಣ್ಣ ದರ್ಜೆಯವರು ಕಾರ್ಯಕಾರಿ ಸಮಿತಿಯಲ್ಲಿದ್ದಾರೆಯೇ ಎಂಬುದನ್ನೂ ವಿಚಾರಿಸಿ. ಆಜೀವ ಸದಸ್ಯತ್ವಕ್ಕೆ ಎಷ್ಟೇ ರಿಯಾಯಿತಿ ಇದ್ದರೂ ಮೊದಲ ವರ್ಷ ವಾರ್ಷಿಕ ಚಂದಾ ಮಾತ್ರ ಕಟ್ಟಿ, ರಸೀದಿ ಇಟ್ಟುಕೊಳ್ಳಿ. ಮಾರ್ಚ್ ತಿಂಗಳ ಬಿಲ್ಲುಗಳ ಹೊತ್ತಿಗೆ ಆ ಸಂಘ ಯಾರ ಪರವಾಗಿ ಓಡಾಡಿತು ಎಂಬುದನ್ನು ನೋಡಿಕೊಂಡು ನವೀಕರಿಸುವುದೋ ಬಿಡುವುದೋ ತೀರ್ಮಾನಿಸಿ.