ಲಾಗಿನ್ ಕೊಟ್ಟರೆ ಕಲಿಸಿದಂತಾಯಿತೇ?

ಪತ್ರ: "ನಮ್ಮ ಕಂಪನಿಯಲ್ಲಿ ಎಲ್ಲರಿಗೂ ಎಐ ಕೋರ್ಸಿನ ಲಾಗಿನ್ ಕೊಟ್ಟಿದ್ದೇವೆ. ಅರ್ಧಕ್ಕರ್ಧ ಜನ ತೆರೆದೂ ನೋಡಿಲ್ಲ. ಕಲಿಯುವ ಆಸಕ್ತಿಯೇ ಇಲ್ಲದವರನ್ನು ನಾವು ಎಚ್‌ಆರ್‌ನವರು ಹೇಗೆ ತಯಾರು ಮಾಡೋದು?"
– ಓದುಗರೊಬ್ಬರು, ಬೆಂಗಳೂರು

ಉತ್ತರ: ನಿಮ್ಮ ಕಷ್ಟ ಅರ್ಥವಾಗುತ್ತದೆ. ಎಷ್ಟು ಜನ ಕೋರ್ಸ್ ಮುಗಿಸಿದರು ಅಂತ ಮೇಲಿನವರು ಲೆಕ್ಕ ಕೇಳುತ್ತಾರೆ, ನೀವು ಕೊಡಲೇಬೇಕು. ಆದರೆ ಆಸಕ್ತಿ ಇಲ್ಲ ಅನ್ನೋ ಮಾತನ್ನು ನಾನು ಒಪ್ಪಲಾರೆ. ಆ ಕೋರ್ಸ್‌ಗೆ ಆಫೀಸ್ ಹೊತ್ತಿನಲ್ಲಿ ಬಿಡುವು ಕೊಟ್ಟಿದ್ದೀರಾ? ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ ಮನೆ ಸೇರಿ, ಮಕ್ಕಳಿಗೆ ಊಟ ಹಾಕಿ, ಆಮೇಲೆ ವಿಡಿಯೊ ನೋಡಬೇಕು ಅಂದರೆ ಯಾರಿಗೆ ಆಗುತ್ತೆ? ಕಲಿತ ಮೇಲೆ ಕೆಲಸ ಉಳಿಯುತ್ತೋ ಹೋಗುತ್ತೋ, ಅದನ್ನಾದರೂ ಹೇಳಿದ್ದೀರಾ?

ನಮ್ಮ ಬ್ಯಾಂಕುಗಳನ್ನೇ ನೋಡಿ. ಕಂಪ್ಯೂಟರ್ ಅಂದಾಗ ನೌಕರರು ವರ್ಷಗಟ್ಟಲೆ ವಿರೋಧಿಸಿದರು. ಕೊನೆಗೆ 1983ರಲ್ಲಿ ನೌಕರರ ಸಂಘಗಳೂ ಬ್ಯಾಂಕ್ ಆಡಳಿತಗಳ ಪರವಾದ ಇಂಡಿಯನ್ ಬ್ಯಾಂಕ್ಸ್ ಅಸೋಸಿಯೇಷನ್ನೂ ಎದುರುಬದುರು ಕೂತು ಒಪ್ಪಂದ ಮಾಡಿಕೊಂಡವು. ಲೆಡ್ಜರ್ ಬರೆಯುತ್ತಿದ್ದ ಗುಮಾಸ್ತರೇ ಯಂತ್ರದ ಮುಂದೆ ಕೂತರು. ಅವರ ತಿಳಿವಳಿಕೆ ಸಣ್ಣದಲ್ಲ. ಲೆಕ್ಕ ತಾಳೆಯಾಗದೆ, ವ್ಯತ್ಯಾಸ 9ರಿಂದ ಭಾಗವಾದರೆ, ಎಲ್ಲೋ ಅಂಕಿ ಅದಲುಬದಲಾಗಿ 54 ಹೋಗಿ 45 ಆಗಿರಬೇಕು ಅಂತ ಹುಡುಕಲು ಶುರು ಮಾಡುತ್ತಿದ್ದರು. ಯಂತ್ರ ತಪ್ಪಿದಾಗ ಹಿಡಿಯುವವರು ಇಂಥವರೇ ಅಲ್ವಾ?

ಸ್ವೀಡನ್ನಿನ ಕ್ಲಾರ್ನಾ ಕಂಪನಿ ತನ್ನ ಎಐ 700 ಗ್ರಾಹಕ ಸೇವಾ ಸಿಬ್ಬಂದಿಯಷ್ಟು ಕೆಲಸ ಮಾಡುತ್ತಿದೆ ಅಂತ 2024ರಲ್ಲಿ ಹೇಳಿಕೊಂಡಿತು. ಮರುವರ್ಷ ಸೇವೆಯ ಗುಣಮಟ್ಟ ಕೆಳಗಿಳಿದಿದ್ದನ್ನು ಅದರ ಮುಖ್ಯಸ್ಥರೇ ಒಪ್ಪಿಕೊಂಡರು. ಮತ್ತೆ ಮನುಷ್ಯರನ್ನು ತೆಗೆದುಕೊಳ್ಳಲು ಹೊರಟರು.

ನೀವು ತಿಳಿದವರು, ಅದಕ್ಕೇ ಇಷ್ಟು ಹೇಳುತ್ತಿದ್ದೇನೆ. ಸಾಫ್ಟ್‌ವೇರ್ ಕೊಳ್ಳುವ ಮೊದಲು ಬಿಲ್ ಪಾಸ್ ಮಾಡುವವರ, ಗ್ರಾಹಕರ ಫೋನ್ ಎತ್ತುವವರ ಪಕ್ಕ ಸುಮ್ನೆ ಒಂದು ದಿನ ಕೂತು ನೋಡಿ. ಯಾವ ಕೆಲಸ ಯಂತ್ರಕ್ಕೆ ಬಿಡಬಹುದು, ಎಲ್ಲಿ ಮನುಷ್ಯರ ಕಣ್ಣು ಬೇಕೇ ಬೇಕು ಅಂತ ಅವರನ್ನೇ ಕೇಳಿ. ಅವರು ನಿಜವಾಗಿ ಮಾಡುವ ಕೆಲಸವನ್ನೇ ಇಟ್ಟುಕೊಂಡು, ಸಂಬಳದ ಹೊತ್ತಿನಲ್ಲೇ ಕಲಿಸಿ.

ಇದು ನಿಮ್ಮೊಬ್ಬರ ಕಂಪನಿಯ ಕಥೆ ಅಲ್ಲ. ನಮ್ಮ ಕಾನೂನಿಗೂ ಕಲಿಕೆ ನೆನಪಾಗೋದು ಕೆಲಸ ಹೋದ ಮೇಲೆ. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ, ಕೆಲಸದಿಂದ ತೆಗೆದ ಕಾರ್ಮಿಕರ ಮರುತರಬೇತಿಗೆ ಮಾಲೀಕರು ಕಟ್ಟಬೇಕಾದದ್ದು 15 ದಿನದ ಸಂಬಳ. ಆ ಹದಿನೈದು ದಿನವನ್ನು ಅವರು ಕೆಲಸದಲ್ಲಿರುವಾಗಲೇ ಯಾಕೆ ಕೊಡಬಾರದು? ಮುಂದಿನ ಮೀಟಿಂಗ್‌ನಲ್ಲಿ ಇದನ್ನು ಕೇಳಿ. ಏನು ಉತ್ತರ ಬಂತು ಅಂತ ನನಗೂ ಬರೆಯಿರಿ.

– ಸಂಪಾದಕ