ನಕ್ಷೆಯಲ್ಲಿ ಈಗಿನ ಮನೆಗಳ ಚುಕ್ಕೆ ಹಾಕಿ ಕೆ-ಮೀನ್ಸ್ (ಹತ್ತಿರದ ಚುಕ್ಕೆಗಳನ್ನು ಗುಂಪು ಮಾಡುವ ಕಂಪ್ಯೂಟರ್ ಲೆಕ್ಕ) ಓಡಿಸಿದರೆ ಕಾಸರಗೋಡಿನ ಮಧ್ಯಕಾಲದ ಹಳ್ಳಿಗಳು ಸಿಗುತ್ತವೆಯೇ?

ಸಿಗುವುದಿಲ್ಲ. ಕೆ-ಮೀನ್ಸ್‌ಗೆ ಐದು ಗುಂಪು ಬೇಕು ಅಂದರೆ ಐದು ಕೊಡುತ್ತದೆ, ಒಂಬತ್ತು ಅಂದರೆ ಒಂಬತ್ತು. ನೆಲದ ಮೇಲೆ ಅಷ್ಟು ಗುಂಪು ಇವೆಯೋ ಇಲ್ಲವೋ ಅದು ಕೇಳುವುದೇ ಇಲ್ಲ.

ಇನ್ನೊಂದು ತೊಡಕು ನಮ್ಮ ನೆಲದ್ದು. ಸೊಲ್ಲಾಪುರದ ಕಡೆ ಮನೆಗಳೆಲ್ಲ ಒತ್ತೊತ್ತಾಗಿ ಒಂದೇ ಕಡೆ, ಸುತ್ತ ಹೊಲ. ಕುಂಬಳೆ, ಬದಿಯಡ್ಕ ಕಡೆ ಹಾಗಲ್ಲ, ಒಂದೊಂದು ಮನೆ ಒಂದೊಂದು ತೋಟದಲ್ಲಿ. ಈಗಿನ ಮನೆಗಳನ್ನು ಗುಂಪು ಮಾಡಿದರೆ ಈಗಿನ ರಸ್ತೆ, ಪೇಟೆಗಳೇ ಎದ್ದು ಬರುತ್ತವೆ.

ನಾನಾದರೆ ಮನೆ ಬಿಟ್ಟು ಒಂದೊಂದು ಕಣಿವೆಯನ್ನು ಲೆಕ್ಕಕ್ಕೆ ಹಿಡಿಯುತ್ತೇನೆ. ನಮ್ಮ ಗದ್ದೆಗಳಿಗೆ ಬೈಲು, ಮಜಲು, ಬೆಟ್ಟು ಅಂತ ಮೂರು ದರ್ಜೆ ಇದೆಯಲ್ವಾ? ಅದು ನೀರಿನ ಲೆಕ್ಕ. ತಗ್ಗಿನ ಬೈಲಿನಲ್ಲಿ ಮೂರು ಬೆಳೆ ತೆಗೆಯಬಹುದು, ಮಜಲಿನಲ್ಲಿ ಎರಡು, ಬೆಟ್ಟಿನಲ್ಲಿ ಮಳೆಗಾಲದ ಒಂದೇ. ಹಾಗಾಗಿ ಕಣಿವೆಯ ಅಗಲ, ಇಳಿಜಾರು, ತೋಡಿನ (ಸಣ್ಣ ಹೊಳೆಯ) ದೂರ, ಮೇಲಿನ ಮುರಕಲ್ಲಿನ ಪದವು (ಬಯಲಾದ ದಿಬ್ಬ) ಎಷ್ಟು, ಇವನ್ನು ಅಳೆಯಿರಿ. ಉಪಗ್ರಹ ಚಿತ್ರದಲ್ಲಿ ಕಾಣುವ ಬೆಳೆಯನ್ನು ಮಾತ್ರ ಸೇರಿಸಬೇಡಿ. ರಬ್ಬರ್ 20ನೇ ಶತಮಾನದ್ದು, ಗೇರು ಪೋರ್ಚುಗೀಸರು 16ನೇ ಶತಮಾನದಲ್ಲಿ ತಂದದ್ದು, ಎಷ್ಟೋ ಗದ್ದೆ ಈಗ ಅಡಿಕೆ ತೋಟ.

ಅಳತೆಗಳನ್ನು ಮೊದಲು ಒಂದೇ ಮಾನಕ್ಕೆ ತನ್ನಿ. ಇಲ್ಲದಿದ್ದರೆ ಸಾವಿರ ಮೀಟರಿನ ದೂರದ ಮುಂದೆ ಹತ್ತು ಡಿಗ್ರಿಯ ಇಳಿಜಾರು ಲೆಕ್ಕಕ್ಕೇ ಬರುವುದಿಲ್ಲ. ನೂರಿನ್ನೂರು ಕಣಿವೆಗಳಿಗೆ ವಾರ್ಡ್ ವಿಧಾನ ನನಗೆ ಇಷ್ಟ. ಅದು ಒಂದಕ್ಕೊಂದು ಹೋಲುವ ಕಣಿವೆಗಳನ್ನು ಹಂತಹಂತವಾಗಿ ಜೋಡಿಸುತ್ತಾ ಹೋಗುತ್ತದೆ, ಯಾವುದು ಯಾವುದರ ಜೊತೆ ಯಾವಾಗ ಸೇರಿತು ಅಂತ ಮರದ ಕೊಂಬೆಗಳಂಥ ಚಿತ್ರದಲ್ಲೇ ಕಾಣುತ್ತದೆ. ಸಿಲೌಟ್ ಅಂಕ (ಗುಂಪುಗಳು ಎಷ್ಟು ಸ್ಪಷ್ಟವಾಗಿ ಬೇರೆಯಾಗಿವೆ ಅನ್ನುವ ಅಳತೆ) ಸೊನ್ನೆಯ ಹತ್ತಿರ ಬಂದರೆ ಆ ಗುಂಪುಗಳನ್ನು ನಂಬಬೇಡಿ.

ಸ್ಥಳನಾಮ ಹಾಕಿ ನೋಡಬಹುದಲ್ಲ ಅಂತ ಅನಿಸಬಹುದು. ಮಜಲು, ಪದವು, ಕಾನ ಅಂತ ಕೊನೆಯಾಗುವ ಹೆಸರುಗಳು ಗುಂಪುಗಳಿಗೆ ಚೆನ್ನಾಗಿಯೇ ಹೊಂದಬಹುದು. ಆದರೆ ಅವು ನೆಲದ ಆಕಾರ ನೋಡಿಯೇ ಇಟ್ಟ ಹೆಸರು. ಹೊಂದಿದರೆ ಆಕಾರ ಸರಿ ಅಂತಷ್ಟೇ ಆಯಿತು, ಕಾಲ ಗೊತ್ತಾಗಲಿಲ್ಲ. ಕಾಲಕ್ಕೆ ಶಾಸನ, ಹಳೆಯ ದೇವಸ್ಥಾನ, ಮಡಕೆ ಚೂರುಗಳೇ ಬೇಕು. ತಳಂಗರೆಯ ಹಳೆಗನ್ನಡ ಶಾಸನದಂಥವು ನಮ್ಮಲ್ಲಿ ಕಡಿಮೆ. ಆದ್ದರಿಂದ ಅವನ್ನು ಕ್ಲಸ್ಟರಿಂಗ್ (ಗುಂಪು ಮಾಡುವ ಲೆಕ್ಕ) ಒಳಗೆ ಹಾಕದೆ, ಆಮೇಲೆ ನಕ್ಷೆಯ ಮೇಲೆ ಇಟ್ಟು ಯಾವ ಬಗೆಯ ಕಣಿವೆಯಲ್ಲಿ ಜಾಸ್ತಿ ಬಿದ್ದಿವೆ ನೋಡಿ.

ಶುರುವಿಗೆ ಶಿರಿಯಾ ಹೊಳೆಯ ಸುತ್ತಮುತ್ತ ಸಾಕು. ಎಸ್‌ಆರ್‌ಟಿಎಂ (ಬಾಹ್ಯಾಕಾಶದಿಂದ ರೇಡಾರ್ ಬಳಸಿ ಅಳೆದ) ಎತ್ತರದ ದತ್ತಾಂಶ ಉಚಿತವಾಗಿ ಸಿಗುತ್ತದೆ, ಆದರೆ ಅದರ ಒಂದು ಚೌಕ ಸುಮಾರು 30 ಮೀಟರ್. ಕಿರಿದಾದ ಬೈಲುಗಳನ್ನು ಟೋಪೋ ಶೀಟ್ (ನೆಲದ ಏರುತಗ್ಗು ತೋರಿಸುವ ಸರ್ವೆ ನಕ್ಷೆ) ನೋಡಿ ಕೈಯಲ್ಲೇ ಗೆರೆ ಎಳೆಯಬೇಕಾಗುತ್ತದೆ.